ಶ್ರಾವಣ ಮುಗಿಯಲಿ ಎಂದಿದ್ದೆ

ಇಂದು ಬೆಳಿಗ್ಗೆ ಬಾಗಿಲು ತೆಗೆದರೆ ಬೇವಿನ ವಾಸನೆ. ಎದುರುಮನೆಗೆ ಈಚೆಗೆ ಬಾಡಿಗೆಗೆ ಬಂದ ಅಜ್ಜಿ ಮೊಸರನ್ನದ ಬಟ್ಟಲು ಹಿಡಿದು ನಿಂತಿದ್ದರು. ಪಕ್ಕದಲ್ಲಿ ಬೇವಿನ ನೀರು ಮಿಂದ ಮೊಮ್ಮಗ, ಮೈತುಂಬ ಹಸಿ ಹಕ್ಕಳೆ. ಅಮ್ಮ ಬಂದುಹೋದ ಮನೆಯವರು ಹೀಗೆ ಎಡೆ ಹಂಚುವುದು ನಮ್ಮ ಓಣಿಯ ರೂಢಿ; ಚಿಕನ್‌ಪಾಕ್ಸ್ ಎಂದು ಯಾರೂ ಬಾಯಿಬಿಟ್ಟು ಅನ್ನುವುದಿಲ್ಲ. ನನಗೆ ಸಿಟ್ಟು ನೆತ್ತಿಗೇರಿತು. ಯಾರ ಮೇಲೆ ಅಂತೀರಾ? ಹೇಳುತ್ತೇನೆ.

ತಮ್ಮನ ಮಗಳು ಸುಮಾಳಿಗೆ ಎರಡೂ ಕಿಡ್ನಿ ಕೆಟ್ಟಿದ್ದವು. ಅಕ್ಕಿಆಲೂರಿನಿಂದ ಹುಬ್ಬಳ್ಳಿಗೆ ಡಯಾಲಿಸಿಸ್ಸಿಗೆಂದು ನಾನೇ ಕರೆದೊಯ್ಯುತ್ತಿದ್ದೆ. ಆ ಪೋರಿ ಒಂದು ದಿನವೂ ನನಗೆ ಕಿಟಕಿಯ ಸೀಟು ಬಿಡಲಿಲ್ಲ. ಅವಳವ್ವನ ಕಿಡ್ನಿ ಹೊಂದುತ್ತದೆ ಎಂದು ಗೊತ್ತಾದ ದಿನ ಡಾಕ್ಟರು ಒತ್ತಿ ಹೇಳಿದರು: ಕಿಡ್ನಿ ಕೂಡಿಸುವ ಮೊದಲೇ ಚಿಕನ್‌ಪಾಕ್ಸ್ ಲಸಿಕೆ ಎರಡು ಸಲ ಆಗಬೇಕು, ಆಮೇಲೆ ಕೊಡಲು ಬರುವುದಿಲ್ಲ. ಇಂಥ ಮಗುವಿಗೆ ಆ ಬೇನೆ ಬಂದರೆ ಜೀವಕ್ಕೇ ಕುತ್ತು.

ಮೂವತ್ತು ವರ್ಷ ವಿಜ್ಞಾನ ಕಲಿಸಿದ ಮಾಸ್ತರ ನಾನು, ನನ್ನ ಅವ್ವನಿಗೆ ವಿವರಿಸದೆ ಬಿಡುತ್ತೇನೆಯೇ? ಲಸಿಕೆಯಲ್ಲಿ ಬಲಗುಂದಿಸಿದ ಜೀವಂತ ರೋಗಾಣು ಇರುತ್ತದೆ ಎಂಬುದನ್ನು ಅವಳಿಗೆ ತಿಳಿಯುವಂತೆ, “ಸೂಜ್ಯಾಗ ಅಮ್ಮನ ಇರ್ತಾಳವ್ವಾ, ಸಣ್ಣಾಕಿಯಾಗಿ,” ಎಂದೆ. ನನ್ನ ಜಾಣತನಕ್ಕೆ ಬೆಂಕಿ ಬೀಳಲಿ!

ಅವ್ವ ಕೈಯಲ್ಲಿದ್ದ ಮೊರ ಕೆಳಗಿಟ್ಟಳು. “ತಾನಾಗಿ ಬರಾಕೀನ ನಾವಾ ಕರಕೊಂಡು ಬರೂದೇನೋ? ಶ್ರಾವಣ ಮುಗೀಲಿ.”

ತಮ್ಮ ನನ್ನ ಮುಖ ನೋಡಿದ. ಮನೆಯಲ್ಲಿ ಜಗಳ ಬೇಡವೆಂದು ನಾನೂ ಮುಗಿಯಲಿ ಎಂದೆ. ಸಾಲಿಯಲ್ಲಿ ಹುಲಿ, ಅವ್ವನ ಮುಂದೆ ಇಲಿ.

ಶ್ರಾವಣ ಇನ್ನೂ ಅರ್ಧ ಇರುವಾಗಲೇ ಇಂಥದೇ ಬಟ್ಟಲು ಬಂತು, ಹಕ್ಕಳೆ ಆರದ ಹುಡುಗಿಯೊಬ್ಬಳ ಜೊತೆ. ಎಡೆಗೆ ಒಲ್ಲೆ ಅನ್ನಬಾರದಲ್ಲ! ಹುಡುಗಿಯರಿಬ್ಬರೂ ಒಂದೇ ತಾಟಿನಲ್ಲಿ ಕೂತು ಉಂಡರು. ಬಡಿಸಿದವನು ನಾನೇ. ಎರಡು ವಾರಕ್ಕೆ ಸುಮಾಳ ಮೈತುಂಬ ಗುಳ್ಳೆ ಎದ್ದವು, ಬೇನೆ ಶ್ವಾಸಕೋಶಕ್ಕಿಳಿಯಿತು. ಆಪರೇಷನ್ನಿಗೆ ಗೊತ್ತುಮಾಡಿದ್ದ ದಿನ ಅವಳಿರಲಿಲ್ಲ. ಜನ ಅಮ್ಮನ ಸಿಟ್ಟು ಎಂದರು. ಯಾವ ಅಮ್ಮನ ಸಿಟ್ಟೂ ಅಲ್ಲ, ನನ್ನ ಹೇಡಿತನ.

ಇವತ್ತು ಬಾಗಿಲಿಗೆ ಅಡ್ಡ ನಿಂತೆ. ಹಕ್ಕಳೆ ಪೂರಾ ಒಣಗುವ ತನಕ ಹುಡುಗನನ್ನು ಹೊರಗೆ ತರಬೇಡಿ ಎಂದೆ. ಅಜ್ಜಿಯ ಮುಖ ಸಣ್ಣದಾಯಿತು.

“ಯಾಕ್ರೀ ಮಾಸ್ತರ? ನಿಮ್ಮನ್ಯಾಗ ಸಣ್ಣ ಹುಡುಗ್ರು ಯಾರದಾರ್ರಿ?”

ಒಳಗೆ ಅವ್ವ ಮೊರ ಕೆಳಗಿಟ್ಟ ಸಪ್ಪಳ ಕೇಳಿಸಿತು.

“ನಮ್ಮನ್ಯಾಗ ಇಲ್ರೀ,” ಎಂದೆ. “ನೀವು ಮುಂದ ಹೋಗೂ ಮನ್ಯಾಗ ಅದಾರ್ರಿ.”