ಸಂದರ್ಶನದ ನಡುವೆ ಹಾಕಿದ ಕೂ

ನನ್ನನ್ನು ಸಂದರ್ಶನ ಮಾಡಿದವನಿಗೆ ತೋಟದ ಕೆಲಸ ಕಲಿಸಿದವಳು ನಾನೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಆ ದಿನ ಇದೊಂದು ಮಾತನ್ನು ಹೊಟ್ಟೆಯೊಳಗೆ ಇಟ್ಟುಕೊಂಡು ಕೂತಿದ್ದೇ ಸಾಕಾಗಿದೆ.

ಆಲ್ದೂರಿನ ಹತ್ತಿರದ ಒಂದು ಕಾಫಿ ಎಸ್ಟೇಟಿನಲ್ಲಿ ನಾನು ಫೀಲ್ಡ್ ರೈಟರ್ ಆಗಿದ್ದೆ. ಬೆಳಿಗ್ಗೆ ಆಳುಗಳ ಹಾಜರಿ ಹಿಡಿಯುವುದರಿಂದ ಸಂಜೆ ಕೊಯ್ದ ಹಣ್ಣು ತೂಗಿಸುವವರೆಗೆ ಅವರ ಜೊತೆಗೇ ತೋಟದಲ್ಲಿರುವ ಕೆಲಸ. ಹೆಂಗಸರು ಇದಕ್ಕೆ ಬರುವುದು ಅಪರೂಪ. ಬಂದರೂ ಆಫೀಸಿನ ಮೇಜಿಗೆ ಕಟ್ಟಿಹಾಕುತ್ತಾರೆ. ನಾನು ಕಟ್ಟಿಸಿಕೊಳ್ಳಲಿಲ್ಲ. ಗುಡ್ಡ ಹತ್ತಿ ಇಳಿದು, ರಕ್ತ ಹೀರುವ ಉಂಬಳ ಕಚ್ಚಿಸಿಕೊಂಡು, ಮೇಸ್ತ್ರಿಗಳ ಹತ್ತಿರ ಜಗಳವಾಡಿ ರೈಟರಮ್ಮ ಅನ್ನಿಸಿಕೊಂಡೆ. ಆ ಹೆಸರು ಯಾರೋ ಪುಕ್ಕಟೆ ಕೊಟ್ಟಿದ್ದಲ್ಲ.

ಆಮೇಲೆ ಆ ಎಸ್ಟೇಟನ್ನು ರೆಸಾರ್ಟಿನವರು ಕೊಂಡರು. ಅವರಿಗೆ ಈಜುಕೊಳ ಬೇಕಿತ್ತು, ರೈಟರ್ ಬೇಕಿರಲಿಲ್ಲ. ಒಂದು ಮಳೆಗಾಲ ಪೂರ್ತಿ ಮನೆಯಲ್ಲಿ ಕೂತೆ. ಕೂತು ಅಭ್ಯಾಸವಿಲ್ಲದವಳು ಕೂತರೆ ಮನೆಯವರಿಗೇ ಕಷ್ಟ. ಕಳಸದ ಕಡೆ ಒಂದು ತೋಟಕ್ಕೆ ಫೀಲ್ಡ್ ರೈಟರ್ ಬೇಕಂತೆ ಎಂಬ ಸುದ್ದಿ ತಂದವರು ನನ್ನ ಗಂಡನೇ. ಈ ವಯಸ್ಸಿನಲ್ಲಿ ಗುಡ್ಡ ಯಾಕೆ, ಆಫೀಸಿನಲ್ಲಿ ಏನಾದರೂ ಇದೆಯಾ ಕೇಳಿ ಅಂತ ನಾದಿನಿ ಬುದ್ಧಿ ಹೇಳಿದಳು. ಆಫೀಸಿನಲ್ಲಿ ಕೂರುವುದಾದರೆ ಮನೆಯಲ್ಲೇ ಕೂರುತ್ತೇನೆ ಎಂದು ಹೇಳಿ ಬಸ್ಸು ಹತ್ತಿದೆ.

ಕೊಯ್ಲು ಶುರುವಾಗಿದ್ದ ದಿನಗಳು. ಆಫೀಸಿನ ಜಗಲಿಯಲ್ಲಿ ಬೆತ್ತದ ಕುರ್ಚಿ ಹಾಕಿಕೊಂಡು ತೋಟದ ಸಾಹುಕಾರರು ಕೂತಿದ್ದರು. ವಯಸ್ಸಾದವರು, ಮೆತ್ತಗೆ ಮಾತಾಡುವವರು. ಅವರ ಪಕ್ಕದಲ್ಲಿ ಮ್ಯಾನೇಜರು. ಮುಖ ನೋಡಿದ ಕೂಡಲೇ ನನಗೆ ಗುರುತು ಹತ್ತಿತು. ನಮ್ಮ ಹಳೆಯ ಎಸ್ಟೇಟಿಗೆ ಬಯಲುಸೀಮೆಯಿಂದ ಬಂದು, ನನ್ನ ಕೈಕೆಳಗೆ ರೈಟರಾಗಿ ಸೇರಿದ್ದವನು. ನನ್ನನ್ನು ಅಕ್ಕ ಅನ್ನುತ್ತಿದ್ದವನು. ಈಗ ಹೊಟ್ಟೆ ಸ್ವಲ್ಪ ಬಂದಿತ್ತು, ಕನ್ನಡಕ ಬಂದಿತ್ತು. ಅವನೂ ನನ್ನನ್ನು ನೋಡಿದ. ನೋಡಿ, ನನ್ನ ಅರ್ಜಿಯ ಕಡೆಗೆ ತಲೆ ತಗ್ಗಿಸಿದ.

"ಕೂತ್ಕೊಳ್ಳಿ ಮೇಡಂ" ಅಂದ.

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ, ಗೊತ್ತಿದ್ದವರಿಗೆಲ್ಲ ಗೊತ್ತು. ಆದರೂ ಸುಮ್ಮನೆ ಕೂತೆ. ಅವನಿಗೆ ಬೇಡದ ಪರಿಚಯ ನನಗೂ ಬೇಡ. ಅವನು ಮೇಡಂ ಅಂದರೆ ನಾನು ಸರ್ ಅಂದೆ. ಒಬ್ಬರಿಗಿಂತ ಒಬ್ಬರು ಮರ್ಯಾದಸ್ಥರಾಗಿ ಮಾತಾಡಿದೆವು.

ಅವನು ಪ್ರಶ್ನೆಗಳನ್ನು ಪಾಠ ಒಪ್ಪಿಸುವವನ ಹಾಗೆ ಕೇಳಿದ. ಕಾಂಡ ಕೊರೆಯುವ ಬೋರರ್ ಹುಳ ಬಿದ್ದ ಗಿಡ ಹೇಗೆ ಗುರುತಿಸುತ್ತೀರಿ ಅಂತ ಕೇಳಿದ. ಅವನಿಗೆ ಅದನ್ನು ಗಿಡದ ಮುಂದೆ ನಿಲ್ಲಿಸಿ ತೋರಿಸಿಕೊಟ್ಟವಳು ನಾನು. ಕಂಪ್ಯೂಟರ್ ಬರುತ್ತಾ ಅಂತಲೂ ಕೇಳಿದ. ಇಷ್ಟರಲ್ಲಿ ಸಾಹುಕಾರರು, ಹಿಂದಿನ ಎಸ್ಟೇಟಿನಲ್ಲಿ ನಿಮ್ಮ ಜೊತೆ ಇನ್ಯಾರು ರೈಟರ್ ಇದ್ದರು ಎಂದು ವಿಚಾರಿಸಿದರು. ಒಬ್ಬ ಹುಡುಗ ಇದ್ದ, ಕಲಿತ, ಹೋದ ಅಂದೆ. ಮ್ಯಾನೇಜರು ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡುತ್ತಿದ್ದ. ನಮ್ಮಲ್ಲಿಂದ ಹೋದವನು ಮೂಡಿಗೆರೆ ಕಡೆ ದೊಡ್ಡ ತೋಟಗಳಲ್ಲಿ ದುಡಿದು ಇಲ್ಲಿಗೆ ಬಂದಿದ್ದ. ಅದಕ್ಕೂ ಹಿಂದಿನ ಕತೆ ಸಾಹುಕಾರರಿಗೆ ಗೊತ್ತಿದ್ದ ಹಾಗೆ ಕಾಣಲಿಲ್ಲ.

ಸಾಹುಕಾರರಿಗೆ ನನ್ನ ಉತ್ತರಗಳು ಹಿಡಿಸಿದ್ದವು. ಆದರೆ ಅವರ ಅನುಮಾನ ಬೇರೆ. ಇಲ್ಲಿನ ಗುಡ್ಡ ಆಲ್ದೂರಿನ ಹಾಗಲ್ಲ, ಇಳಿಜಾರು ಜಾಸ್ತಿ, ಹೆಂಗಸರಿಗೆ ಆಗುತ್ತದಾ ಎಂದು ಮ್ಯಾನೇಜರ ಮುಖ ನೋಡಿದರು. ನಾನೂ ನೋಡಿದೆ. ನನಗೆ ಆಗುತ್ತದೆ ಅಂತ ಕಣ್ಣಾರೆ ಕಂಡಿದ್ದವನು ಪ್ರಪಂಚದಲ್ಲಿ ಯಾರಾದರೂ ಇದ್ದರೆ ಅವನೇ. ಅವನು ಕನ್ನಡಕ ಸರಿಮಾಡಿಕೊಂಡು, ಆಫೀಸಿಗೆ ಆಗಬಹುದು ಸರ್ ಅಂದ.

ಹತ್ತಿದ ಏಣಿಯನ್ನು ಒದೆಯುವುದು ಅಂದರೆ ಇದೇ ಅನ್ನಿಸಿತು. ಎದ್ದು ಹೊರಟೇ ಬಿಡುತ್ತಿದ್ದೆ. ಅಷ್ಟರಲ್ಲಿ ಕೆಳಗಿನ ತೋಟದಲ್ಲಿ ನೀರಿನ ಪೈಪು ಒಡೆದಿದೆ ಅಂತ ಆಳೊಬ್ಬ ಓಡಿ ಬಂದ. ಮ್ಯಾನೇಜರು ಅವನ ಜೊತೆ ಇಳಿದು ಹೋದ. ನನಗೆ ಕಾಫಿ ಬಂತು. ಕಾಫಿ ಬಂದ ಮೇಲೆ ಕುಡಿಯದೆ ಎದ್ದು ಹೋಗುವುದು ನಮ್ಮ ಕಡೆ ಕ್ರಮವಲ್ಲ. ಕೋಪದಲ್ಲೇ ಕುಡಿದೆ.

ಕುಡಿದು ಲೋಟ ಕೆಳಗಿಡುವಾಗ ಪಾರ್ಚ್‌ಮೆಂಟ್ ಕಾಫಿಬೀಜದ ಮೂಟೆ ಒಯ್ಯುವ ಲಾರಿ ಬಂದು ನಿಂತಿತು. ಗೋದಾಮಿನ ಬೀಗದಕೈ ಮ್ಯಾನೇಜರ ಜೇಬಿನಲ್ಲಿ. ಡ್ರೈವರ್ ಆಗಲೇ ಅವಸರ ಮಾಡುತ್ತಿದ್ದ. ಸಾಹುಕಾರರು ಮೊಬೈಲ್ ಒತ್ತಿ ಒತ್ತಿ ನೋಡಿದರು. ಕೆಳಗಿನ ಕಣಿವೆಯಲ್ಲಿ ನೆಟ್‌ವರ್ಕ್ ಇಲ್ಲ. ತೋಟದ ತುಂಬ ಮಂಜು ಬೇರೆ, ಯಾರು ಎಲ್ಲಿದ್ದಾರೆ ಕಾಣದು. ಕಳಿಸೋಣ ಅಂದರೆ ಹತ್ತಿರ ಆಳೂ ಇಲ್ಲ.

ನಾನು ಯೋಚನೆ ಮಾಡಲಿಲ್ಲ. ಎದ್ದು ಕಾಫಿ ಒಣಗಿಸುವ ಕಣದ ಅಂಚಿಗೆ ಹೋಗಿ ನಿಂತೆ, ಬಾಯಿಗೆ ಕೈ ಅಡ್ಡ ಹಿಡಿದು ಉದ್ದಕ್ಕೊಂದು, ಗಿಡ್ಡಕ್ಕೆರಡು ಕೂ ಹಾಕಿದೆ.

ಮಲೆನಾಡಿನಲ್ಲಿ ಗುಡ್ಡದಿಂದ ಗುಡ್ಡಕ್ಕೆ ಹೀಗೆ ಕರೆಯುವುದು ಹೊಸದೇನಲ್ಲ. ಹೆಸರು ಹಿಡಿದು ಕೂಗಿದರೆ ಮಾತು ಮರಗಳ ನಡುವೆಯೇ ಸತ್ತುಹೋಗುತ್ತದೆ, ಕೂ ಮಾತ್ರ ಹಳ್ಳ ದಾಟಿ ಹೋಗುತ್ತದೆ. ನಮ್ಮ ಹಳೆಯ ಎಸ್ಟೇಟಿನಲ್ಲಿ ಅದಕ್ಕೊಂದು ಲೆಕ್ಕವಿತ್ತು. ಉದ್ದಕ್ಕೊಂದು, ಗಿಡ್ಡಕ್ಕೆರಡು ಹಾಕಿದರೆ ರೈಟರ್ ಮೇಲೆ ಬರಬೇಕು ಅಂತ. ಕೇಳಿಸಿಕೊಂಡವನು ಗಿಡ್ಡಕ್ಕೊಂದು, ಉದ್ದಕ್ಕೊಂದು ಹಾಕಿ ಬಂದೆ ಅನ್ನಬೇಕು. ಬಯಲುಸೀಮೆಯ ಈ ಹುಡುಗನಿಗೆ ಮೊದಮೊದಲು ದನಿಯೇ ಏಳುತ್ತಿರಲಿಲ್ಲ. ತಾಯಿಯನ್ನು ಕಳೆದುಕೊಂಡ ಕರುವಿನ ಹಾಗೆ ಕೂಗುತ್ತಿದ್ದ. ಹಣ್ಣು ಕೊಯ್ಯುವ ಹೆಂಗಸರು ಬಿದ್ದು ಬಿದ್ದು ನಗುತ್ತಿದ್ದರು. ದಿನಾ ಬೆಳಿಗ್ಗೆ ಬಂಡೆ ಹತ್ತಿಸಿ, ಗಂಟಲಿನಿಂದ ಅಲ್ಲ ಮಾರಾಯ, ಹೊಟ್ಟೆಯಿಂದ ಅಂತ ಹೇಳಿ ಹೇಳಿ ಕಲಿಸಿದ್ದೆ.

ಮಂಜಿನ ಒಳಗಿನಿಂದ ಉತ್ತರ ಬಂತು. ಗಿಡ್ಡಕ್ಕೊಂದು, ಉದ್ದಕ್ಕೊಂದು.

ಸಾಹುಕಾರರು ಕುರ್ಚಿಯಿಂದ ಎದ್ದರು. ಈ ತೋಟದಲ್ಲಿ ಯಾರೂ ಹೀಗೆ ಕೂ ಹಾಕುವುದಿಲ್ಲವಲ್ಲ, ಉತ್ತರ ಕೊಟ್ಟವರು ಯಾರು ಎಂದು ನನ್ನನ್ನು ಕೇಳಿದರು. ಬರುತ್ತಾರೆ, ನೀವೇ ನೋಡಿ ಅಂದೆ. ಸ್ವಲ್ಪ ಹೊತ್ತಿಗೆ ಏದುಸಿರು ಬಿಡುತ್ತ ಮ್ಯಾನೇಜರು ಮೇಲೆ ಹತ್ತಿ ಬಂದ. ಬಂದವನು ಸಾಹುಕಾರರ ಕಡೆ ಹೋಗಲಿಲ್ಲ. ನೆಟ್ಟಗೆ ನನ್ನ ಮುಂದೆ ಬಂದು ನಿಂತು, "ಏನಕ್ಕಾ?" ಅಂದ. ಅಂದ ಮೇಲೆ ಅವನಿಗೆ ತಾನು ಎಲ್ಲಿದ್ದೇನೆ ಅನ್ನುವುದು ನೆನಪಾಯಿತು. ಕಿವಿಯವರೆಗೆ ಕೆಂಪಾದ.

"ನಿಂಗೆ ಇವರ ಪರಿಚಯ ಇದ್ಯೇನಯ್ಯಾ?" ಸಾಹುಕಾರರು ಕೇಳಿದರು.

ಅವನು ಕನ್ನಡಕ ತೆಗೆದು ಅಂಗಿಗೆ ಒರೆಸಿಕೊಂಡ. "ನಂಗೆ ಫೀಲ್ಡ್ ಕಲ್ಸಿದ್ದೇ ಇವ್ರು ಸರ್. ಇವ್ರನ್ನ ಎದುರಿಗೆ ಕೂರಿಸ್ಕೊಂಡು ನಾನು ಪ್ರಶ್ನೆ ಕೇಳೋದಾ ಅಂತ ನಾಚಿಕೆ ಆಯ್ತು. ಪರಿಚಯ ಇದೆ ಅಂತ ಮೊದಲು ಹೇಳ್ಲಿಲ್ಲ, ಆಮೇಲೆ ಹೇಳಕ್ಕೆ ಆಗ್ಲಿಲ್ಲ."

ಹಾಗಾದರೆ ಆಫೀಸಿಗೆ ಆಗಬಹುದು ಅಂದೆಯಲ್ಲ ಎಂದು ಸಾಹುಕಾರರು ಬಿಡಲಿಲ್ಲ. ಫೀಲ್ಡಿನಲ್ಲಾದರೆ ಇವರು ದಿನಾ ನನ್ನ ಕಣ್ಣೆದುರಿಗೆ ಇರುತ್ತಾರೆ, ನಾನು ಇವರಿಗೆ ಹೇಗೆ ಕೆಲಸ ಹೇಳಲಿ ಸರ್ ಅಂದ. ಪಾಪ, ಇದ್ದದ್ದನ್ನು ಇದ್ದ ಹಾಗೆ ಹೇಳಿದ. ನನ್ನ ಅರ್ಧ ಕೋಪ ಅಲ್ಲೇ ಇಳಿಯಿತು. ಇನ್ನರ್ಧ ಅವನ ಕೂ ಕೇಳಿದಾಗಲೇ ಇಳಿದಿತ್ತು ಅಂತ ಈಗ ಅನ್ನಿಸುತ್ತದೆ. ಅಷ್ಟು ಕೆಳಗಿನಿಂದ, ಅಷ್ಟು ಮಂಜಿನಲ್ಲಿ, ಒಂದಿಷ್ಟೂ ಒಡೆಯದೆ ಬಂದ ದನಿ. ಹೊಟ್ಟೆಯಿಂದ ಬಂದಿತ್ತು.

ಸಾಹುಕಾರರು ನನ್ನ ಕಡೆ ತಿರುಗಿ ಕೊನೆಯ ಪ್ರಶ್ನೆ ಕೇಳಿದರು. "ಕಲಿಸಿದ ಹುಡುಗನ ಕೈಕೆಳಗೆ ಫೀಲ್ಡಲ್ಲಿ ಕೆಲಸ ಮಾಡ್ತೀರಾ?"

ಬಸ್ಸಿನಲ್ಲಿ ಬರುವಾಗ ನಾನು ಬೇಕಾದಷ್ಟು ಉತ್ತರ ತಯಾರು ಮಾಡಿಕೊಂಡಿದ್ದೆ, ಇದಕ್ಕೆ ಮಾಡಿಕೊಂಡಿರಲಿಲ್ಲ. ಬಾಯಿಗೆ ಬಂದದ್ದನ್ನು ಹೇಳಿದೆ.

"ನನ್ನ ಕೆಳಗೇ ಇರ್ಲಿ ಅಂತ ಕಲಿಸಿರ್ಲಿಲ್ಲ ಸರ್. ಮೇಲೆ ಬರ್ಲಿ ಅಂತಲೇ ಕಲಿಸಿದ್ದು. ಬಂದಿದ್ದಾನೆ. ಮಾಡ್ತೀನಿ."

ಅವನು ಗೋದಾಮಿನ ಬಾಗಿಲಿಗೆ ಹೋಗಿ, ನಮಗೆ ಬೆನ್ನು ಹಾಕಿ ನಿಂತು, ಬೀಗ ತೆಗೆಯಲು ಬಹಳ ಹೊತ್ತು ತೆಗೆದುಕೊಂಡ.