ಕಮಟು ತುಪ್ಪ ಮತ್ತು ಖಾಲಿ ಹುದ್ದೆ

ಹಾನಗಲ್ಲಿನ ಕಾಲೇಜಿನಲ್ಲಿ ಇಪ್ಪತ್ತು ವರ್ಷ ಜೀವಶಾಸ್ತ್ರದ ಮೇಷ್ಟ್ರಾಗಿ ಮೂಗಿನ ಪಾಠ ಮಾಡಿದ ನನಗೆ ಕಮಟು ವಾಸನೆ ಗೊತ್ತಾಗುವುದಿಲ್ಲ. ಕೆಟ್ಟ ಬೆಣ್ಣೆ, ಹಳೇ ತುಪ್ಪ ಎದುರಿಗಿಟ್ಟರೂ ನನ್ನ ಮೂಗು ನಿರ್ವಿಕಾರ. ಇದನ್ನು ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಹೇಳುವುದಾದರೂ ಹೇಗೆ? ನಮ್ಮಪ್ಪ ಸಂತೆಯಲ್ಲಿ ಬೆಣ್ಣೆಯನ್ನು ಮುಂಗೈಗೆ ಸವರಿ, ಮೂಸಿ, ಎಷ್ಟು ದಿನದ್ದೆಂದು ಹೇಳುತ್ತಿದ್ದವರು. ಅವರ ನಂತರ ಆ ಪದವಿ ನನಗೆ ಬಂತು, ಮೂಗು ಬರಲಿಲ್ಲ. ನಾನೂ ಸವರಿ, ಕಣ್ಣು ಮುಚ್ಚಿ, ಮೂಸಿ, "ಛಲೋ ಐತಿ" ಎಂದು ತೀರ್ಪು ಕೊಡುತ್ತಿದ್ದೆ. ಮನೆಗೆ ಬಂದದ್ದು ಕಮಟು ಹೊಡೆದರೆ ತಪ್ಪೆಲ್ಲ ಬಿಸಿಲಿನದು.

ವಿಜ್ಞಾನ ಮಾತ್ರ ನನ್ನನ್ನು ಕ್ಷಮಿಸುತ್ತದೆ. ಮೂಗಿನ ಮೇಲ್ಭಾಗದ ಒಂದೊಂದು ನರಕೋಶವೂ ವಾಸನೆ ಹಿಡಿಯುವ ನೂರಾರು ಜೀನ್‌ಗಳಲ್ಲಿ ಒಂದನ್ನೇ ಆರಿಸಿಕೊಂಡು ಉಳಿದವನ್ನು ಸುಮ್ಮನಾಗಿಸುತ್ತದೆ. ತನ್ನ ಟೇಬಲ್ಲಿನದಲ್ಲದ ಕಾಗದ ಮುಟ್ಟದ ಗುಮಾಸ್ತನ ಹಾಗೆ. ಯಾವ್ಯಾವ ಗುಮಾಸ್ತರು ಸಹಿ ಹಾಕಿದರೆಂದು ನೋಡಿ ಮಿದುಳು ಇದು ಮಲ್ಲಿಗೆ, ಇದು ಸಗಣಿ ಎನ್ನುತ್ತದೆ. ಇಲಿಗೆ ಇಂಥ ಜೀನ್‌ಗಳು ಸಾವಿರದಷ್ಟಿವೆ. ಮನುಷ್ಯರಾದ ನಮಗೆ ಕೆಲಸ ಮಾಡುವವು ನಾನೂರರಷ್ಟು, ಅವುಗಳಲ್ಲೂ ಯಾವುದು ಕೆಟ್ಟಿದೆ ಎಂಬುದು ಆಳಿನಿಂದ ಆಳಿಗೆ ಬೇರೆ. ನನ್ನ ಮೂಗಿನ ಕಚೇರಿಯಲ್ಲಿ ಕಮಟಿನ ಹುದ್ದೆ ಖಾಲಿ ಇದ್ದಿರಬೇಕು.

ಮಗಳು ಸುಧಾಳನ್ನು ನೋಡಲು ಚಿಕ್ಕೇರೂರಿನವರು ಬಂದ ದಿನ ಈ ಹುದ್ದೆಯ ಬೆಲೆ ತಿಳಿಯಿತು. ಹುಡುಗ ಅವಳ ಮನಸ್ಸಿಗೆ ಬಂದಿದ್ದ. ಹೋಳಿಗೆಗೆಂದು ನಾನು ಸವಣೂರಿನಿಂದ ತುಪ್ಪ ತಂದಿದ್ದೆ. ನನ್ನಾಕೆ ಒಲೆಯ ಮುಂದಿನಿಂದಲೇ, "ಕೊಡ್ರಿಲ್ಲಿ, ಒಮ್ಮೆ ಮೂಸಿ ನೋಡ್ತೇನಿ" ಎಂದಳು. "ನಾ ನೋಡೇನಿ ತಗೋ" ಎಂದು ಗತ್ತಿನಿಂದ ನಾನೇ ಬಡಿಸಲು ಹೊರಟೆ.

ಹುಡುಗನ ತಾಯಿ ತುತ್ತನ್ನು ಬಾಯಿಯ ಹತ್ತಿರ ಒಯ್ದವರು ಹಾಗೇ ಕೆಳಗಿಟ್ಟು, ಸೆರಗಿನಿಂದ ಮೂಗು ಮುಚ್ಚಿದರು. "ತುಪ್ಪ ಭಾಳ ಹಳೇದೈತೇನ್ರಿ?"

ಬಾಗಿಲಲ್ಲಿ ನಿಂತಿದ್ದ ಸುಧಾಳ ಮುಖ ಬಾಡಿತು. ಅದನ್ನು ನೋಡಿ ನನಗೆ ಬಿಸಿಲನ್ನು ದೂರಲು ಬಾಯಿ ಬರಲಿಲ್ಲ.

"ತಪ್ಪು ನಂದರಿ. ಕಮಟು ವಾಸನಿ ನನಗ ಹುಟ್ಟಾ ಬರೂದಿಲ್ರಿ. ಅದರ ಜೀನ್ ನನ್ನ ಮೂಗಿನ್ಯಾಗ ಇಲ್ಲ."

ಆಗ ಮೂರನೆಯ ಹೋಳಿಗೆ ಮುಗಿಸುತ್ತಿದ್ದ ಹುಡುಗನ ತಂದೆ ತಲೆಯೆತ್ತಿದರು. "ಕಮಟು? ಎಲ್ಲೈತ್ರಿ? ನನಗಿನ್ನೊಂದು ಚಮಚಾ ಹಾಕ್ರಿ."

ಅವರ ಹೆಂಡತಿ ಸೆರಗು ತೆಗೆದು ನಕ್ಕರು. "ಇವರದೂ ಅದ ಹಣೇಬರಾರಿ. ಮೂವತ್ತು ವರ್ಷ ಅನುಭವಿಸೇನಿ." ಮಾತು ಮುಂದುವರಿಯಿತು, ಸಂಬಂಧ ಕುದುರಿತು.

ಬೀಗರು ಹೋದ ಮೇಲೆ ನನ್ನಾಕೆಗೆ ಜೀನ್‌ಗಳ ವಿಷಯವನ್ನು ಬೋರ್ಡಿನ ಮೇಲೆ ಬರೆದಷ್ಟೇ ಸ್ಪಷ್ಟವಾಗಿ ವಿವರಿಸಿದೆ. ಅವಳು ತುಪ್ಪದ ಡಬ್ಬಿ ತಿಕ್ಕುತ್ತಲೇ ಪೂರ್ತಿ ಕೇಳಿದಳು.

"ಮೂಗಿನ್ಯಾಗ ಜೀನ್ ಇಲ್ಲ, ಒಪ್ಪಿದೆ. 'ನೀ ಒಮ್ಮೆ ನೋಡ' ಅನ್ನಾಕ ಬಾಯಾಗ ಯಾವ ಜೀನ್ ಕಮ್ಮಿ ಇತ್ರಿ?"

ಇಪ್ಪತ್ತು ವರ್ಷದಲ್ಲಿ ಯಾವ ವಿದ್ಯಾರ್ಥಿಯೂ ಇಂಥ ಪ್ರಶ್ನೆ ಕೇಳಿರಲಿಲ್ಲ. ಈಗ ಸಂತೆಗೆ ಇಬ್ಬರೂ ಹೋಗುತ್ತೇವೆ. ಬೆಣ್ಣೆಯನ್ನು ನಾನು ಮೊದಲಿನ ಗತ್ತಿನಲ್ಲೇ ಮುಂಗೈಗೆ ಸವರುತ್ತೇನೆ. ಆಮೇಲೆ ಆ ಕೈಯನ್ನು ಅವಳ ಮೂಗಿಗೆ ಹಿಡಿಯುತ್ತೇನೆ.