ಗಜದಕ್ಕನ ಬಾಯಿಗೆ ಬಿದ್ದ ಬೀಗ

ಆ ಗಾಲ್ಫ್ ಕ್ಲಬ್ಬಿನಲ್ಲಿ ಅವಳನ್ನು ಎಲ್ಲರೂ ಗಜದಕ್ಕ ಎಂದೇ ಕರೆಯುತ್ತಿದ್ದರು. ಚೆಂಡು ಬಿದ್ದ ಜಾಗದಿಂದ ಗುಳಿಯ ಬಾವುಟಕ್ಕೆ ಎಷ್ಟು ದೂರ ಎಂದು ಕೇಳಿದರೆ ಒಂದು ಕಣ್ಣು ಕಿರಿದು ಮಾಡಿ, “ನೂರಾ ನಲವತ್ತೆರಡು ಗಜ” ಎನ್ನುತ್ತಿದ್ದಳು. ಅಳತೆಯ ಯಂತ್ರ ಇಟ್ಟುಕೊಂಡವರು ನೋಡಿದರೆ ಅಷ್ಟೇ ಇರುತ್ತಿತ್ತು. ಹೊಸದಾಗಿ ಸೇರಿದವರು ಮಾತ್ರ ಕಡ್ಡಿಯಂಥ ಹೆಂಗಸಿಗೆ ಆನೆಯ ಹೆಸರು ಯಾಕಿಟ್ಟರೋ ಎಂದು ಒಳಗೊಳಗೇ ನಗುತ್ತಿದ್ದರು.

ಇಪ್ಪತ್ತಾರು ವರ್ಷದಿಂದ ಅವಳ ಕೆಲಸ ಒಂದೇ. ಆಟಗಾರರ ಕೋಲುಗಳ ಚೀಲವನ್ನು ಹೆಗಲಿಗೆ ಹಾಕಿಕೊಂಡು ಅವರ ಹಿಂದೆ ನಡೆಯುವುದು, ಕೇಳಿದ ಕೋಲು ಕೊಡುವುದು, ಮಣ್ಣಾದರೆ ಒರೆಸಿಡುವುದು. ಹೊಡೆಯುವವರ ಕಣ್ಣೆಲ್ಲ ಚೆಂಡಿನ ಹಿಂದೆ ಓಡುವಾಗ ಅವಳ ಕಣ್ಣು ಅವರ ಮೈಮೇಲೆ ಇರುತ್ತಿತ್ತು. ಯಾರ ಹಿಮ್ಮಡಿ ಯಾವಾಗ ಎದ್ದಿತು, ಯಾರ ಸೊಂಟ ತಿರುಗದೆ ಮೊಂಡು ಹಿಡಿಯಿತು, ಎಲ್ಲ ಅವಳಿಗೆ ಬಾಯಿಪಾಠ. ಆದರೆ ಅವಳು ಕೋಲು ಬೀಸುವಂತಿರಲಿಲ್ಲ. ಕೆಲಸದವರು ಚೆಂಡು ಹೊಡೆಯಬಾರದೆಂಬುದು ಕ್ಲಬ್ಬಿನ ಹಳೇ ಕಟ್ಟಳೆ. ಒಮ್ಮೆ ಯಾರೋ ಸಿಟ್ಟಿನಲ್ಲಿ ಮರಕ್ಕೆ ಬಡಿದು ಬಿಸಾಡಿದ, ತಲೆ ಮುರಿದ ಕೋಲೊಂದನ್ನು ಮನೆಗೆ ತಂದಿದ್ದಳು. ಹಿತ್ತಲಲ್ಲಿ ಬಟ್ಟೆ ಒಣಗಿಸುವ ಹಗ್ಗದ ಪಕ್ಕ ನಿಂತು, ದಿನಾ ಬೆಳಿಗ್ಗೆ ಐವತ್ತು ಸಲ ಗಾಳಿಗೆ ಬೀಸುತ್ತಿದ್ದಳು.

ಅವಳ ಗಂಡ ಅದೇ ಕ್ಲಬ್ಬಿನಲ್ಲಿ ಹುಲ್ಲು ಕತ್ತರಿಸುವ ಯಂತ್ರ ಓಡಿಸುತ್ತಿದ್ದ, ತನ್ನ ನೆರಳಿಗೂ ದಾರಿ ಬಿಡುವಂಥ ಸಾಧು. “ಚೆಂಡೇ ಇಲ್ದೆ ಏನ್ ಹೊಡೀತೀಯೆ?” ಎಂದು ಕೇಳುತ್ತಿದ್ದ.

“ಚೆಂಡು ಇದ್ರೆ ತಾನೆ ತಪ್ಪೋದು,” ಎನ್ನುತ್ತಿದ್ದಳು.

ಸದಸ್ಯರಲ್ಲಿ ನಿವೃತ್ತ ಗಣಿತದ ಮೇಡಂ ಒಬ್ಬರಿದ್ದರು. ಅರವತ್ತು ದಾಟಿದವರು, ಗಿಡ್ಡ ಆಳು. ಎಷ್ಟು ಜೋರಾಗಿ ಬೀಸಿದರೂ ಅವರ ಚೆಂಡು ನೂರಾ ಹತ್ತು ಗಜದಾಚೆ ಹೋಗುತ್ತಿರಲಿಲ್ಲ. ಜೊತೆಗೆ ಆಡುವವರು ಅವರಿಗಾಗಿ ಕಾದು ಕಾದು ಆಕಳಿಸುತ್ತಿದ್ದರು. ಒಂದು ದಿನ ಅವರು ಕೋಲನ್ನು ನೆಲಕ್ಕೆ ಊರಿ, “ನೀನೇ ಹೇಳಮ್ಮ, ನಂದೇನು ತಪ್ಪು?” ಎಂದು ಕೇಳಿಬಿಟ್ಟರು.

ಗಜದಕ್ಕ ಅತ್ತಿತ್ತ ನೋಡಿದಳು. ಯಾರೂ ಇರಲಿಲ್ಲ. “ಮೇಡಂ, ನೀವು ತೋಳಲ್ಲಿ ಹೊಡೀತಿದ್ದೀರಿ. ಕೋಲನ್ನ ಹಾವಿನ ಕತ್ತು ಹಿಸುಕೋ ಹಾಗೆ ಹಿಡ್ಕೊಂಡಿದ್ದೀರಿ. ಸಡಿಲ ಬಿಡಿ. ಎಡಭುಜ ಗದ್ದದ ಕೆಳಗೆ ಬರೋವರೆಗೂ ಬೆನ್ನು ತಿರುಗಿಸಿ. ವಾಪಸ್ ಬರೋವಾಗ ಮೊದಲು ಎಡಗಾಲಿಗೆ ಭಾರ ಬಿಡಿ, ಆಮೇಲೆ ಸೊಂಟ. ಕೈ ಎಲ್ಲಕ್ಕಿಂತ ಕೊನೇಲಿ ಬರ್ಲಿ. ಒದ್ದೆ ಬಟ್ಟೆ ಕೊಡವ್ತೀವಲ್ಲ, ಮೈ ಮೊದಲು ತಿರುಗುತ್ತೆ, ಬಟ್ಟೆ ತುದಿ ಕೊನೇಲಿ ಪಟ್ ಅನ್ನುತ್ತೆ. ಹಂಗೆ.”

ಮೇಡಂ ಲೆಕ್ಕ ಬಿಡಿಸುವವರ ಹಾಗೆ ಒಂದೊಂದೇ ಹಂತ ರೂಢಿಸಿಕೊಂಡರು. ಮೊದಮೊದಲು ಚೆಂಡು ಅಡ್ಡಾದಿಡ್ಡಿ ಹೋಯಿತು. ಆರು ವಾರಕ್ಕೆ ನೂರಾ ಐವತ್ತು ಗಜ ಮುಟ್ಟಿತು. ಆಕಳಿಸುತ್ತಿದ್ದವರ ಬಾಯಿ ಈಗ ಬೇರೆ ಕಾರಣಕ್ಕೆ ತೆರೆದುಕೊಂಡಿತು. ಮೇಡಂ ಮುಚ್ಚಿಡದೆ ಗಜದಕ್ಕನ ಹೆಸರನ್ನೂ ಒದ್ದೆ ಬಟ್ಟೆಯ ಮಾತನ್ನೂ ಹೇಳಿದರು. ಅದೇ ಎಡವಟ್ಟಾಯಿತು.

ಕ್ಲಬ್ಬಿಗೆ ಆಗಷ್ಟೇ ಹೊಸ ತರಬೇತುದಾರ ಬಂದಿದ್ದ. ಇಸ್ತ್ರಿ ಕೆಡದ ಅಂಗಿ, ಮೂರು ಕಾಲಿನ ಮೇಲೆ ನಿಂತ ಕ್ಯಾಮೆರಾ, ಮಾತಿಗೊಂದು ನಕ್ಷೆ. ಅವನು ಮೇಡಂ ಹೊಡೆಯುವುದನ್ನು ನಾಲ್ಕು ದಿನ ಚಿತ್ರ ತೆಗೆದುಕೊಂಡ. ಐದನೇ ದಿನ ಚೀಲ ಇಡುವ ಕೋಣೆಯ ಬಾಗಿಲ ಮೇಲೆ ಬೋರ್ಡು ಬಿತ್ತು: “ಚೀಲ ಹೊರುವವರು ಆಟದ ಬಗ್ಗೆ ಸಲಹೆ ನೀಡಕೂಡದು.” ವಾರ ಕಳೆಯುವಷ್ಟರಲ್ಲಿ ಸದಸ್ಯರ ಕೋಣೆಯಲ್ಲಿ ಇನ್ನೊಂದು ಹಾಳೆ ನೇತಾಡಿತು. ಹೆಚ್ಚು ದೂರ ಹೊಡೆಯಲು ತರಬೇತುದಾರರ ವಿಶೇಷ ವಿಧಾನ. ಸಡಿಲ ಹಿಡಿತ, ಪೂರ್ತಿ ತಿರುಗಿದ ಬೆನ್ನು, ಮೊದಲು ಎಡಗಾಲು, ಕೊನೆಗೆ ಕೈ. ಒದ್ದೆ ಬಟ್ಟೆಯನ್ನೂ ಬಿಟ್ಟಿರಲಿಲ್ಲ.

ಅದನ್ನು ಓದಿದ ಗಜದಕ್ಕನಿಗೆ ಮೈಯೆಲ್ಲ ಉರಿದುಹೋಯಿತು. ಬಟ್ಟೆ ಒಗೆದವಳು ತಾನು, ಕೊಡವಿದವಳು ತಾನು. ಇವನು ಹುಟ್ಟಿದಾಗಿನಿಂದ ಒಂದು ಕರ್ಚೀಫಾದರೂ ಹಿಂಡಿದ್ದಾನೆಯೇ?

ಹೆಗಲ ಮೇಲಿದ್ದ ಚೀಲವನ್ನು ಇಳಿಸದೆ ನೇರ ಕಾರ್ಯದರ್ಶಿಯ ಕೋಣೆಗೆ ಹೋದಳು. ಅವರು ಚಹಾ ಆರಿಸುತ್ತಿದ್ದರು.

“ಸರ್, ಬಾಗಿಲ ಮೇಲೆ ನನ್ನ ಬಾಯಿ ಮುಚ್ಸಿದ್ದೀರಿ. ಒಳಗೆ ನನ್ನ ಮಾತೇ ಬರ್ದು ಅಂಟಿಸಿದ್ದೀರಿ. ಎರಡರಲ್ಲಿ ಒಂದು ತೆಗೀರಿ.”

“ನೋಡಮ್ಮ, ಅವರು ಕಲಿತು ಬಂದೋರು. ಒಂದು ಸಲಾನೂ ಚೆಂಡು ಹೊಡೀದಿರೋರು ಇನ್ನೊಬ್ಬರಿಗೆ ಹೇಳ್ಕೊಡೋದು ಹೆಂಗೆ?”

“ಹೊಡಿಯೋಕೆ ಬಿಡದಿರೋರು ಯಾರು ಸರ್?”

ಕಾರ್ಯದರ್ಶಿ ಚಹಾದ ಬಟ್ಟಲಿನೊಳಗೆ ನೋಡುತ್ತ, “ಚೀಲ ನೆಲಕ್ಕೆ ತಾಗ್ತಿದೆ, ಹುಷಾರು,” ಎಂದರು.

ಮನೆಯಲ್ಲಿ ಗಂಡ ತಲೆ ಮೇಲೆ ಕೈ ಹೊತ್ತು ಕೂತ. “ಸುಮ್ನಿರು ಮಾರಾಯ್ತಿ. ಇಬ್ರ ಕೆಲ್ಸಾನೂ ಹೋಗುತ್ತೆ.”

“ಸುಮ್ನೇ ಇರ್ತೀನಿ,” ಎಂದಳು ಅವಳು. “ಅವ್ರು ಕೇಳಿದ್ದೂ ಅದೇ ತಾನೆ.”

ಮರುದಿನದಿಂದ ಅವಳು ಆಟದ ವಿಷಯಕ್ಕೆ ತುಟಿ ಪಿಟಕ್ಕೆನ್ನಲಿಲ್ಲ. ಬಾವುಟ ಎಷ್ಟು ದೂರ ಎಂದರೆ, “ಅದು ಸಲಹೆ ಆಗುತ್ತೆ, ಸರ್.” ಯಾವ ಕೋಲು ತೆಗೆಯಲಿ ಎಂದರೆ, “ಅದೂ ಸಲಹೇನೇ.” ಗಾಳಿ ಯಾವ ಕಡೆಗಿದೆ ಎಂದು ಕೇಳಿದವರಿಗೆ ಚೀಲದ ಕೋಣೆಯ ಬಾಗಿಲು ತೋರಿಸಿದಳು. ಮಿಕ್ಕ ಹನ್ನೊಂದು ಜನ ಚೀಲದವರಿಗೂ ಅದು ಹಿಡಿಸಿ, ಅವರೂ ಅದನ್ನೇ ಹೇಳತೊಡಗಿದರು. ಅಳತೆಯ ಯಂತ್ರ ಇದ್ದವರಿಗೆ ದೂರ ಗೊತ್ತಾಯಿತು, ಗಾಳಿ ಗೊತ್ತಾಗಲಿಲ್ಲ. ಚೆಂಡುಗಳು ಕೆರೆಗೂ ಪೊದೆಗೂ ಬೀಳತೊಡಗಿದವು. ಇಪ್ಪತ್ತು ವರ್ಷದಿಂದ ಅದೇ ಹುಲ್ಲು ತುಳಿದ ದೊಡ್ಡ ಮನುಷ್ಯರು ಕಣ್ಣು ಕಟ್ಟಿ ಕಾಡಿಗೆ ಬಿಟ್ಟವರಂತಾದರು. ಮೂರನೇ ವಾರ ಗಣಿತದ ಮೇಡಂ ಸದಸ್ಯರ ಸಭೆಯಲ್ಲಿ ಎದ್ದು ನಿಂತು, ತಾನು ಯಾರಿಂದ ಯಾವ ದಿನ ಏನು ಕಲಿತೆ ಎಂಬುದನ್ನು ಪಾಠ ಒಪ್ಪಿಸುವಂತೆ ಹೇಳಿದರು. ತರಬೇತುದಾರ ತನ್ನ ಬೂಟನ್ನೇ ನೋಡಿಕೊಂಡು ನಿಂತಿದ್ದ.

ಬೋರ್ಡು ಇಳಿಯಿತು. ಆಟವಿಲ್ಲದ ಸೋಮವಾರ ಬೆಳಿಗ್ಗೆ ಕೆಲಸದವರೂ ಆಡಬಹುದು ಎಂದಾಯಿತು. ಆದರೆ ಒಳಗಿನ ಹಾಳೆ ತರಬೇತುದಾರನ ಹೆಸರಲ್ಲೇ ಉಳಿಯಿತು. “ಹೆಸರೊಂದು ಬದಲಾಯಿಸಿದ್ರೆ ಅವ್ರಿಗೆ ಅವಮಾನ ಆಗುತ್ತಮ್ಮ,” ಎಂದರು ಕಾರ್ಯದರ್ಶಿ. “ನನಗಾಗಿದ್ದಕ್ಕೆ ಏನಂತೀರಿ?” ಎಂದು ಅವಳು ಕೇಳಿದಾಗ ಅವರಿಗೆ ಫೋನು ಬಂತು.

ಮೊದಲ ಸೋಮವಾರ ಮೇಡಂ ತಮ್ಮ ಉದ್ದದ ಕೋಲನ್ನೇ ಅವಳ ಕೈಗಿತ್ತರು. ಗಂಡ ಹುಲ್ಲಿನ ಯಂತ್ರ ನಿಲ್ಲಿಸಿ ಕೆಳಗಿಳಿದು ನಿಂತ. ಐವತ್ತೊಂದನೇ ವಯಸ್ಸಿನಲ್ಲಿ ಅವಳು ಬೀಸಿದ ಮೊದಲ ಏಟು ಚೆಂಡಿನ ತಲೆ ಸವರಿತು; ಚೆಂಡು ಹತ್ತು ಹೆಜ್ಜೆಯಾಚೆ ಉರುಳಿತು. ಎರಡನೆಯದೂ ಹಾಗೇ. ಮೂರನೆಯದು ಚೆಂಡಿನ ನಡುವಿಗೆ ತಾಗಿತು. ಎದ್ದ ಚೆಂಡು ಇಳಿಯುವುದನ್ನೇ ಮರೆತಂತೆ ಹೋಗಿ, ದೂರದ ಮರಳುಗುಂಡಿಯ ಆಚೆ ಬಿತ್ತು.

“ನೂರಾ ಎಂಬತ್ತಾರು,” ಎಂದಳು. ಮೇಡಂ ಅಳತೆಯ ಯಂತ್ರ ಹಿಡಿದು ನೋಡಿ ತಲೆಯಾಡಿಸಿದರು. ಗಂಡನ ಮುಖ ಅರಳಿತು.

“ಇನ್ನಾದ್ರೂ ಸಿಟ್ಟು ಇಳೀತಾ?” ಎಂದು ಕೇಳಿದ.

“ಯಾಕೆ ಇಳೀಬೇಕು?” ಎನ್ನುತ್ತ ಅವಳು ಬಗ್ಗಿ ಇನ್ನೊಂದು ಚೆಂಡು ಇಟ್ಟಳು.